ಬಣ್ಣದ ತೊಟ್ಟಿಯ ಉಪ್ಪೂ ಹೊಳೆಯ ಮೀನೂ



ಹತ್ತಿಯ ಬಟ್ಟೆಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ತೊಟ್ಟಿಗೆ ಉಪ್ಪು ಸುರಿಯುವುದನ್ನು ಗಿರಣಿಯಲ್ಲಿ ದುಡಿಯುವ ನಮ್ಮಲ್ಲಿ ಅನೇಕರು ಬಲ್ಲರು. ಆ ಉಪ್ಪು ಬಟ್ಟೆಯಲ್ಲಿ ಉಳಿಯದು. ತೊಳೆದ ನೀರಿನೊಡನೆ ಹೊರಟುಹೋಗುತ್ತದೆ. ಅದು ಹೊಳೆಗೆ ಸೇರಿದರೆ ಮೀನಿಗೇನಾಗುತ್ತದೆ?

ಸಿಹಿನೀರಿನ ಮೀನಿನ ರಕ್ತದಲ್ಲಿ ಹೊಳೆಯ ನೀರಿಗಿಂತ ಉಪ್ಪು ಹೆಚ್ಚು. ಆದುದರಿಂದ ನೀರು ತಾನಾಗಿಯೇ ಅದರ ಮೈಯೊಳಕ್ಕೆ ಇಳಿಯುತ್ತದೆ. ಮೀನು ಆ ನೀರನ್ನು ಮೂತ್ರವಾಗಿ ಹೊರಹಾಕುತ್ತ, ಬೇಕಾದಷ್ಟು ಉಪ್ಪನ್ನು ಕಿವಿರುಗಳಿಂದ ಹೀರಿಕೊಳ್ಳುತ್ತ ಬದುಕುತ್ತದೆ. ಹೊಳೆಯೇ ಉಪ್ಪಾದರೆ ಈ ಸಮತೂಕ ತಪ್ಪುತ್ತದೆ, ಮೀನು ಸೊರಗುತ್ತದೆ. ಮೊಟ್ಟೆ ಮರಿಗಳಿಗೆ ತಾಳುವ ಶಕ್ತಿ ಇನ್ನೂ ಕಡಿಮೆ.

ಕಾವೇರಿಯನ್ನು ಸೇರುವ ನೊಯ್ಯಲ್ ಹೊಳೆಯು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರಿನಿಂದ ಹೀಗೆಯೇ ಕೆಟ್ಟಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಆ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ಬಣ್ಣವನ್ನು ಮಾತ್ರ ತೆಗೆದರೆ ಸಾಲದು, ಕೊಳೆನೀರು ಹೊರಕ್ಕೆ ಹರಿಯಲೇಕೂಡದು ಎಂಬುದು ಅಲ್ಲಿನ ನಿಯಮ.

ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಗಲಿಲ್ಲ. ಗಿರಣಿಗೆ ಬಂದ ಉಪ್ಪಿನ ಚೀಲಗಳನ್ನು ನಾನು ಲೆಕ್ಕದ ಪುಸ್ತಕದಲ್ಲಿ ದಿನವೂ ಬರೆಯುತ್ತೇನೆ. ನೀರಿನೊಡನೆ ಹೋದದ್ದನ್ನು ಬರೆಯಲು ಅದರಲ್ಲಿ ಪುಟವೇ ಇಲ್ಲ.