ರೋಗಿಯ ಬದುಕಿನ ಸ್ಥಿತಿಗತಿಯೂ ಆರೋಗ್ಯ ದಾಖಲೆಯ ಭಾಗ

ರೋಗದ ಹೆಸರು, ರಕ್ತದೊತ್ತಡದ ಅಂಕಿ, ನೀಡಿದ ಔಷಧಿ ಇಷ್ಟರಿಂದಲೇ ಆರೋಗ್ಯ ದಾಖಲೆಯು ಪೂರ್ಣವಾಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳಲ್ಲಿ ಅನೇಕ ಮಹಿಳೆಯರು ಮನೆಯಲ್ಲಿಯೇ ಬೀಡಿ ಕಟ್ಟುತ್ತಾರೆ. ಬೀಡಿ ಸೇದದ ಮಹಿಳೆಯ ದಾಖಲೆಯಲ್ಲಿ ‘ತಂಬಾಕು ಬಳಕೆ ಇಲ್ಲ’ ಎಂದಷ್ಟೇ ಇದ್ದರೆ, ಆಕೆಯು ದಿನವಿಡೀ ತಂಬಾಕಿನ ಧೂಳನ್ನು ಉಸಿರಾಡುವ ಸಂಗತಿಯು ವೈದ್ಯರ ಗಮನಕ್ಕೆ ಬಾರದು. ಕೆಮ್ಮಿನ ಮೂಲವೂ ತಿಳಿಯದು.

ಈ ಕೊರತೆಯನ್ನು ನೀಗಲು ಮೊದಲ ಸಾಧನವು ಈಗಾಗಲೇ ಗ್ರಾಮದಲ್ಲಿದೆ. 30 ವರ್ಷ ಮೀರಿದವರಿಗಾಗಿ ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ‘ಸಿಬ್ಯಾಕ್’ ನಮೂನೆಯಲ್ಲಿ ಅಡುಗೆಯ ಇಂಧನ ಮತ್ತು ಹೊಗೆ, ಧೂಳಿನ ಕೆಲಸದ ಕುರಿತ ಪ್ರಶ್ನೆಗಳಿವೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅನ್ವಯ, 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ ಆರೋಗ್ಯ ದಾಖಲೆಗಳನ್ನು ಜೋಡಿಸಬಹುದು. ಈ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ದಾಖಲೆಯ ಹಂಚಿಕೆಗೆ ರೋಗಿಯ ಸಮ್ಮತಿ ಅಗತ್ಯ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಉದ್ಯೋಗ, ಒಲೆ, ಒಂಟಿ ವಾಸ, ಆಸ್ಪತ್ರೆಗೆ ಹೋಗಲು ಬಸ್ಸಿನ ಅಭಾವ ಮುಂತಾದ ವಿವರಗಳನ್ನು ಸಂಕೋಚವಿಲ್ಲದೆ ತಿಳಿಸುವಂತೆ ಗ್ರಾಮಸ್ಥರಿಗೆ ಮನವರಿಕೆ ಮಾಡುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಒಟ್ಟು ಅಂಕಿಅಂಶಗಳನ್ನು ಮಾತ್ರ ಕೇಳುವುದು. ಯಾವ ವ್ಯಕ್ತಿಯ ದಾಖಲೆಯನ್ನೂ ಕೇಳಬಾರದು. ಮದ್ಯಪಾನ ಅಥವಾ ಕ್ಷಯರೋಗದ ಮಾಹಿತಿಯು ಊರಿನ ಮಾತಾದರೆ, ಮುಂದೆ ಯಾರೂ ಸತ್ಯವನ್ನು ಹೇಳಲಾರರು.

3. ಸೌದೆ ಒಲೆಯ ಮನೆಗಳು ಹೆಚ್ಚಿದ್ದಲ್ಲಿ ಅರ್ಹರಿಗೆ ಉಜ್ವಲಾ ಯೋಜನೆಯ ಅನಿಲ ಸಂಪರ್ಕ ದೊರಕಿಸಲು ಕ್ರಮ ವಹಿಸುವುದು.

ದಾಖಲಿಸಿದ ಸಂಕಷ್ಟಕ್ಕೆ ಪರಿಹಾರವು ಚೀಟಿಯಲ್ಲಿ ಬರೆದ ಔಷಧಿಯಿಂದ ಮಾತ್ರ ದೊರೆಯದು. ಅದರ ಒಂದು ಪಾಲು ಪಂಚಾಯತಿಯ ಕೈಯಲ್ಲಿಯೇ ಇದೆ.