ಶಂಕೆಯ ದಿನಗಳು: ಎಚ್‌ಐವಿ ಭಯ, ಪರೀಕ್ಷೆ ಮತ್ತು ಮನಸ್ಸಿನ ಸಮಾಧಾನ

ಯಾರೊಡನೆಯೂ ಹೇಳಿಕೊಳ್ಳಲಾಗದ ಭಯವು ಎಲ್ಲ ಭಯಗಳಿಗಿಂತ ದೊಡ್ಡದು. ವೈದ್ಯರ ಬಳಿಗೆ ಬರುವ ಕೆಲವರು ಮೊದಲು ಹೊಟ್ಟೆಯ ತೊಂದರೆ, ನಿದ್ರಾಹೀನತೆ, ಸುಸ್ತು ಎಂದು ಹೇಳುತ್ತಾರೆ. ಕೊಠಡಿಯಲ್ಲಿ ಬೇರೆ ಯಾರೂ ಇಲ್ಲವೆಂಬುದು ಖಚಿತವಾದ ಮೇಲೆ ತಲೆ ತಗ್ಗಿಸಿ, ಕೆಲವು ವಾರಗಳ ಹಿಂದೆ ಪರಸ್ಥಳದಲ್ಲಿ ಘಟಿಸಿದ ಒಂದು ಲೈಂಗಿಕ ಸಂಪರ್ಕದ ಮಾತನ್ನು ತೆಗೆಯುತ್ತಾರೆ. ಅಂದಿನಿಂದ ಊಟ ರುಚಿಸದು. ನಡುರಾತ್ರಿಯಲ್ಲಿ ಎದ್ದು ಕತ್ತಿನ ಗಂಟುಗಳನ್ನು ಮುಟ್ಟಿ ನೋಡುತ್ತಾರೆ. ಮಕ್ಕಳನ್ನು ಎತ್ತಿಕೊಳ್ಳಲು ಸಹ ಹಿಂಜರಿಯುತ್ತಾರೆ. ಇಂತಹ ವಿಷಯವನ್ನು ಈ ಅಂಕಣದಲ್ಲಿ ಬರೆಯುವುದು ಕೆಲವರಿಗೆ ಮುಜುಗರವೆನಿಸಬಹುದು. ಆದರೆ ಮುಜುಗರದಿಂದ ಮುಚ್ಚಿಟ್ಟ ವಿಷಯವೇ ಮನೆಗಳನ್ನು ಹೆಚ್ಚು ಸುಡುತ್ತದೆ. ಆದ್ದರಿಂದ ತಿಳಿಯಬೇಕಾದುದನ್ನು ನೇರವಾಗಿ ತಿಳಿಯೋಣ.

ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ

ಇಂತಹ ವ್ಯಕ್ತಿಯ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ‘ನನಗೆ ಸೋಂಕು ತಗುಲಿದೆಯೇ?’ ಎಂಬುದು ಮೊದಲನೆಯದು. ‘ನಾನು ಮಾಡಿದ್ದು ಸರಿಯೇ?’ ಎಂಬುದು ಎರಡನೆಯದು. ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು. ಅದಕ್ಕೆ ರಕ್ತಪರೀಕ್ಷೆ ಸ್ಪಷ್ಟವಾಗಿ ಉತ್ತರಿಸುತ್ತದೆ. ಎರಡನೆಯದು ಅಂತಃಕರಣಕ್ಕೆ ಸಂಬಂಧಿಸಿದ್ದು. ಅದಕ್ಕೆ ಯಾವ ಪ್ರಯೋಗಾಲಯವೂ ಉತ್ತರಿಸಲಾರದು. ಇವೆರಡನ್ನೂ ಬೆರೆಸಿದಾಗ ರೋಗವು ಶಿಕ್ಷೆಯಂತೆ ಕಾಣತೊಡಗುತ್ತದೆ. ‘ತಪ್ಪು ಮಾಡಿದ್ದೇನೆ, ಆದ್ದರಿಂದ ರೋಗ ಬಂದೇ ಬರುತ್ತದೆ’ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆದರೆ ವೈರಾಣುವಿಗೆ ಪಾಪಪುಣ್ಯಗಳ ಲೆಕ್ಕ ತಿಳಿಯದು. ಏನೂ ಅರಿಯದ ಗೃಹಿಣಿಗೂ ಅದು ತಗುಲಬಹುದು. ತನ್ನನ್ನು ತಾನೇ ದೂಷಿಸಿಕೊಳ್ಳುತ್ತಿರುವವನಿಗೆ ತಗುಲದೆಯೂ ಇರಬಹುದು.

ಸೋಂಕು ಹರಡುವ ಬಗೆ

ಎಚ್‌ಐವಿ ಸೋಂಕು ರಕ್ತ, ವೀರ್ಯ, ಯೋನಿಸ್ರಾವ, ಗುದದ್ವಾರದ ಸ್ರಾವ ಮತ್ತು ಎದೆಹಾಲಿನ ಮೂಲಕ ಹರಡುತ್ತದೆ. ಅಸುರಕ್ಷಿತ ಸಂಭೋಗ, ಸೋಂಕಿತ ಸೂಜಿ, ಪರೀಕ್ಷಿಸದ ರಕ್ತ ಹಾಗೂ ತಾಯಿಯಿಂದ ಮಗುವಿಗೆ, ಇವೇ ಅದರ ದಾರಿಗಳು. ಕೈಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಶೌಚಾಲಯ ಹಂಚಿಕೊಳ್ಳುವುದರಿಂದ, ಬೆವರಿನಿಂದ, ಸೊಳ್ಳೆ ಕಡಿತದಿಂದ ಅದು ಹರಡುವುದಿಲ್ಲ. ಆದ್ದರಿಂದ ಶಂಕೆಯಲ್ಲಿರುವ ತಂದೆ ಮಕ್ಕಳನ್ನು ದೂರವಿಡಬೇಕಾದ ಕಾರಣವೇ ಇಲ್ಲ.

ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದ ವ್ಯಕ್ತಿಯೊಡನೆ ಕಾಂಡೋಮ್ ಇಲ್ಲದೆ ಒಮ್ಮೆ ಯೋನಿಸಂಭೋಗ ನಡೆದರೆ, ಸೋಂಕು ತಗುಲುವ ಸಂಭವ ಪುರುಷನಿಗೆ 10,000ದಲ್ಲಿ ಸುಮಾರು 4, ಸ್ತ್ರೀಗೆ ಸುಮಾರು 8 ಎಂದು ಅಂದಾಜಿಸಲಾಗಿದೆ. ಗುದಸಂಭೋಗದಲ್ಲಿ ಈ ಸಂಭವ ಬಹಳ ಹೆಚ್ಚು. ಜನನಾಂಗದ ಹುಣ್ಣುಗಳಿದ್ದರೂ ಹೆಚ್ಚುತ್ತದೆ. ಕಾಂಡೋಮ್ ಹರಿಯದೆ, ಜಾರದೆ ಇದ್ದಿದ್ದರೆ ಅಪಾಯ ಅತ್ಯಲ್ಪ. ಈ ಅಂಕಿಗಳನ್ನು ಹೇಳುವುದು ನಿರ್ಲಕ್ಷ್ಯಕ್ಕೆ ಅನುಮತಿ ನೀಡಲಿಕ್ಕಲ್ಲ. ‘ಬಂದೇ ಬಂದಿದೆ’ ಎಂಬ ತೀರ್ಪು ಸತ್ಯಕ್ಕೆ ದೂರವೆಂದು ತೋರಿಸಲಿಕ್ಕೆ. ಸಂಭವ ಕಡಿಮೆಯಿದ್ದರೂ ಶೂನ್ಯವಲ್ಲ. ಆದ್ದರಿಂದಲೇ ಪರೀಕ್ಷೆ ಬೇಕು.

ಮೊದಲ 72 ಗಂಟೆಗಳು

ಅಪಾಯಕರ ಸಂಪರ್ಕ ನಡೆದು 72 ಗಂಟೆಗಳು ಕಳೆದಿರದಿದ್ದರೆ, ಮನೆಯಲ್ಲಿ ಕುಳಿತು ಚಿಂತಿಸುವ ಸಮಯ ಅದಲ್ಲ. ‘ಪೆಪ್’ ಎಂದು ವೈದ್ಯರು ಕರೆಯುವ ತಡೆಚಿಕಿತ್ಸೆಯಿದೆ. ಸೋಂಕು ದೇಹದಲ್ಲಿ ಬೇರೂರುವುದನ್ನು ತಪ್ಪಿಸಲು ಔಷಧಗಳನ್ನು 28 ದಿನಗಳ ಕಾಲ, ಒಂದು ದಿನವೂ ತಪ್ಪದೆ ಸೇವಿಸಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಫಲ; 72 ಗಂಟೆ ಮೀರಿದ ಮೇಲೆ ಆರಂಭಿಸುವುದಿಲ್ಲ. ತಡಮಾಡದೆ ಜಿಲ್ಲಾಸ್ಪತ್ರೆಗೆ, ಎಆರ್‌ಟಿ ಕೇಂದ್ರಕ್ಕೆ ಅಥವಾ ತಜ್ಞವೈದ್ಯರ ಬಳಿಗೆ ಹೋಗಿ ನಡೆದುದನ್ನು ಇದ್ದಂತೆಯೇ ಹೇಳಬೇಕು. ಔಷಧ ಅಗತ್ಯವೋ ಅಲ್ಲವೋ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಅಂಗಡಿಯಿಂದ ತಾನೇ ತಂದು ನುಂಗುವುದು ಸಲ್ಲದು.

ಪರೀಕ್ಷೆಗೊಂದು ಕಾಲವಿದೆ

ಸಂಪರ್ಕದ ಮರುದಿನವೇ ರಕ್ತ ಪರೀಕ್ಷಿಸಿಕೊಂಡು ‘ಇಲ್ಲ’ ಎಂದು ಬಂದರೆ, ಅದು ಹಿಂದಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಬೀಜ ಬಿತ್ತಿದ ಮರುದಿನ ಹೊಲದಲ್ಲಿ ಮೊಳಕೆ ಹುಡುಕಿದಂತೆ ಅದು. ಸೋಂಕು ತಗುಲಿದ ದಿನದಿಂದ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವವರೆಗಿನ ಈ ಅಂತರವನ್ನು ‘ವಿಂಡೋ ಪೀರಿಯಡ್’ ಅಥವಾ ಗವಾಕ್ಷಿ ಅವಧಿ ಎನ್ನುತ್ತಾರೆ. ವೈರಾಣುವಿನ ಅಂಶವನ್ನೂ ದೇಹವು ಉತ್ಪಾದಿಸುವ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವ ನಾಲ್ಕನೆಯ ತಲೆಮಾರಿನ ಪರೀಕ್ಷೆಯನ್ನು ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರಯೋಗಾಲಯದಲ್ಲಿ ಮಾಡಿದರೆ, 45 ದಿನಗಳ ನಂತರದ ಫಲಿತಾಂಶವನ್ನು ನಂಬಬಹುದು. ಪ್ರತಿಕಾಯಗಳನ್ನು ಮಾತ್ರ ಹುಡುಕುವ ತ್ವರಿತ ಪರೀಕ್ಷೆಯಾದರೆ 90 ದಿನಗಳು ತುಂಬಬೇಕು. ಆ ಅವಧಿಯ ನಂತರವೂ ‘ಇಲ್ಲ’ ಎಂದು ಬಂದರೆ, ನಡುವೆ ಬೇರೆ ಅಪಾಯಕರ ಸಂಪರ್ಕವಿಲ್ಲದಿದ್ದಲ್ಲಿ, ಆ ಘಟನೆಯಿಂದ ಸೋಂಕು ತಗುಲಿಲ್ಲವೆಂದೇ ಅರ್ಥ. ಪೆಪ್ ಸೇವಿಸಿದವರ ಲೆಕ್ಕ ಬೇರೆಯಾಗುವುದರಿಂದ ಅವರು ವೈದ್ಯರು ಹೇಳಿದ ದಿನಾಂಕಗಳನ್ನೇ ಅನುಸರಿಸಬೇಕು.

ಜಿಲ್ಲಾಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳ ಆಪ್ತಸಮಾಲೋಚನೆ ಹಾಗೂ ಪರೀಕ್ಷಾ ಕೇಂದ್ರಗಳಲ್ಲಿ, ಅಂದರೆ ಐಸಿಟಿಸಿಗಳಲ್ಲಿ, ಈ ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ಅನಂತರವೂ ಆಪ್ತಸಮಾಲೋಚಕರು ಏಕಾಂತದಲ್ಲಿ ಮಾತನಾಡುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಎಚ್‌ಐವಿ ಇರುವವರಿಗೆ ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳಲ್ಲಿ ಭೇದ ಮಾಡುವುದನ್ನೂ ನಿಷೇಧಿಸುತ್ತದೆ. ಅವರ ವಿಷಯ ಗೌಪ್ಯವಾಗಿರಬೇಕೆಂದೂ ವಿಧಿಸುತ್ತದೆ. ಪರಿಚಿತರು ಕಂಡಾರೆಂಬ ಅಂಜಿಕೆಯಿದ್ದವರು ನೆರೆಯ ತಾಲ್ಲೂಕಿನ ಕೇಂದ್ರಕ್ಕೂ ಹೋಗಬಹುದು. ಮಾಹಿತಿಗಾಗಿ 1097 ಎಂಬ ಉಚಿತ ದೂರವಾಣಿಗೆ ಕರೆ ಮಾಡಬಹುದು. ಸಿಫಿಲಿಸ್, ಹೆಪಟೈಟಿಸ್ ಬಿ ಮುಂತಾದವುಗಳ ಪರೀಕ್ಷೆಯ ಬಗೆಗೂ ಇದೇ ಸಂದರ್ಭದಲ್ಲಿ ಕೇಳುವುದು ಒಳಿತು.

ಒಂದು ಎಚ್ಚರಿಕೆ: ಗುಟ್ಟಾಗಿ ಪರೀಕ್ಷೆಯಾಗಲೆಂಬ ಉದ್ದೇಶದಿಂದ ರಕ್ತದಾನ ಮಾಡಕೂಡದು. ಗವಾಕ್ಷಿ ಅವಧಿಯಲ್ಲಿ ನೀಡಿದ ರಕ್ತದಲ್ಲಿ ಸೋಂಕಿದ್ದರೂ ಪತ್ತೆಯಾಗದೆ ಉಳಿಯಬಹುದು. ಅದು ಮತ್ತೊಬ್ಬರ ಜೀವಕ್ಕೆ ಕುತ್ತು.

ದೇಹದ ಲಕ್ಷಣಗಳು ಸಾಕ್ಷಿಯಲ್ಲ

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ, ಗ್ರಂಥಿಗಳ ಊತ ಕಾಣಿಸಬಹುದು. ಇವೇ ಲಕ್ಷಣಗಳು ಸಾಮಾನ್ಯ ವೈರಲ್ ಜ್ವರದಲ್ಲಿಯೂ ಇರುತ್ತವೆ. ಇನ್ನು ಕೆಲವರಿಗೆ ಸೋಂಕಿದ್ದರೂ ಯಾವ ಲಕ್ಷಣವೂ ಇರುವುದಿಲ್ಲ. ಅತ್ತ ಆತಂಕವೂ ದೇಹದ ಮೂಲಕವೇ ಮಾತನಾಡುತ್ತದೆ: ಎದೆಬಡಿತ, ಬಾಯಿ ಒಣಗುವುದು, ಭೇದಿ, ಬೆವರು, ಕೈಕಾಲು ಜುಮುಗುಡುವುದು, ಹಸಿವಿಲ್ಲದೆ ತೂಕ ಇಳಿಯುವುದು. ಪದೇಪದೇ ಒತ್ತಿ ನೋಡಿದ ಗ್ರಂಥಿ ನೋಯುವುದೂ ಸಹಜ. ಹೀಗೆ ಭಯವೇ ಲಕ್ಷಣಗಳನ್ನು ಹುಟ್ಟಿಸಿ, ಆ ಲಕ್ಷಣಗಳನ್ನೇ ತೋರಿಸಿ ಮತ್ತೆ ಭಯಪಡಿಸುತ್ತದೆ. ಲಕ್ಷಣಗಳಿಂದ ‘ಇದೆ’ ಎಂದಾಗಲಿ ‘ಇಲ್ಲ’ ಎಂದಾಗಲಿ ನಿರ್ಣಯಿಸಲಾಗದು.

ಕಾಯುವ ದಿನಗಳಲ್ಲಿ

ಪರೀಕ್ಷೆಯ ದಿನಾಂಕವನ್ನು ವೈದ್ಯರೊಡನೆ ಗೊತ್ತುಪಡಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಕರ್ತವ್ಯ ಎರಡೇ. ಮೊದಲನೆಯದು ಬಾಳಸಂಗಾತಿಯ ರಕ್ಷಣೆ: ಫಲಿತಾಂಶ ಖಚಿತವಾಗುವವರೆಗೆ ಸಂಯಮದಿಂದಿರಬೇಕು, ಇಲ್ಲವೇ ತಪ್ಪದೆ ಕಾಂಡೋಮ್ ಬಳಸಬೇಕು. ಎರಡನೆಯದು ಮನಸ್ಸಿನ ರಕ್ಷಣೆ.

ರಾತ್ರಿಯಿಡೀ ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುವುದು, ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡುವುದು, ವಾರಕ್ಕೊಮ್ಮೆ ಹೊಸ ಪ್ರಯೋಗಾಲಯಕ್ಕೆ ಹೋಗುವುದು, ಇವು ಕಜ್ಜಿಯನ್ನು ತುರಿಸಿದಂತೆ. ತುರಿಸಿದ ಕ್ಷಣ ಹಿತ, ಮರುಕ್ಷಣ ಉರಿ. ಆದ್ದರಿಂದ ಚಿಂತೆಗೆ ದಿನದಲ್ಲಿ ಹದಿನೈದು ನಿಮಿಷಗಳನ್ನು ಮೀಸಲಿಟ್ಟು, ಉಳಿದ ಹೊತ್ತಿನಲ್ಲಿ ಅದು ತಲೆಯೆತ್ತಿದರೆ ‘ನಿನ್ನ ಸಮಯ ಸಂಜೆ’ ಎಂದು ಮುಂದೂಡಿ. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ನಿಧಾನವಾಗಿ ಎಳೆದುಕೊಂಡು, ಅದಕ್ಕಿಂತಲೂ ನಿಧಾನವಾಗಿ ಬಿಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ನಡೆಯಿರಿ, ಕಾಯಕವನ್ನು ಬಿಡಬೇಡಿ. ಮದ್ಯವು ಭಯವನ್ನು ಆ ರಾತ್ರಿಗೆ ಮಲಗಿಸಿ ಮರುದಿನ ಇಮ್ಮಡಿಯಾಗಿ ಎಬ್ಬಿಸುತ್ತದೆ. ನಂಬಿಕೆಯ ಒಬ್ಬರೊಡನೆ ಮನಸ್ಸು ಬಿಚ್ಚಿ ಮಾತನಾಡಿ.

ಆದರೂ ನಿದ್ರೆಯಿಲ್ಲದಿದ್ದರೆ, ಕೆಲಸ ಕೆಟ್ಟರೆ, ಬದುಕು ಸಾಕೆನಿಸಿದರೆ ಒಡನೆಯೇ ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮನೋವೈದ್ಯರ ಬಳಿಗೆ ಹೋಗುವುದು ಹುಚ್ಚಿನ ಗುರುತಲ್ಲ, ವಿವೇಕದ ಗುರುತು.

ಫಲಿತಾಂಶ ಬಂದ ಮೇಲೆ

ಸೋಂಕಿಲ್ಲವೆಂದು ಖಚಿತವಾದ ಮೇಲೂ ಕೆಲವರ ಭಯ ತೀರದು. ‘ಮಾದರಿ ಬದಲಾಗಿರಬಹುದೇ? ಯಂತ್ರ ತಪ್ಪಿರಬಹುದೇ?’ ಎಂದು ಐದನೆಯ, ಆರನೆಯ ಪರೀಕ್ಷೆಗೆ ಹೊರಡುತ್ತಾರೆ. ಸಕಾಲದ ಪರೀಕ್ಷೆಯ ಅನಂತರವೂ ಶಂಕೆ ಉಳಿದರೆ, ಚಿಕಿತ್ಸೆ ಬೇಕಾದುದು ರಕ್ತಕ್ಕಲ್ಲ, ಆತಂಕಕ್ಕೆ. ಅದಕ್ಕೆ ಮಾತಿನ ಚಿಕಿತ್ಸೆಯೂ ಔಷಧಗಳೂ ಇವೆ. ಹಲವರಲ್ಲಿ ಆ ಶಂಕೆಯ ಮೂಲ ಪಶ್ಚಾತ್ತಾಪ. ಅದನ್ನು ಸೂಜಿಯ ಮೊನೆಯಿಂದ ಕಳೆಯಲಾಗದು. ನಡತೆಯನ್ನು ತಿದ್ದಿಕೊಂಡು, ಹಿರಿಯರ ಮುಂದೆ ಅಥವಾ ಗುರುವಿನ ಮುಂದೆ ಭಾರ ಇಳಿಸಿಕೊಂಡು ಕಳೆಯಬೇಕು.

ಒಂದು ವೇಳೆ ಸೋಂಕಿದೆಯೆಂದು ದೃಢಪಟ್ಟರೆ? ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಅಂದು ಮದ್ದಿರಲಿಲ್ಲ, ಜನಮನದಲ್ಲಿ ಉಳಿದಿರುವುದು ಆ ಕಾಲದ ಭಯ. 2004ರಿಂದ ಸರ್ಕಾರವು ಎಆರ್‌ಟಿ ಔಷಧಗಳನ್ನು ಉಚಿತವಾಗಿ ನೀಡುತ್ತಿದೆ. ಬೇಗನೆ ಆರಂಭಿಸಿ ತಪ್ಪದೆ ಸೇವಿಸುವವರು ಇತರರಂತೆಯೇ ದೀರ್ಘಕಾಲ ಬಾಳುತ್ತಾರೆ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಸೋಂಕಿರುವ ತಾಯಿಯೂ ಸರಿಯಾದ ಚಿಕಿತ್ಸೆಯಿಂದ ಸೋಂಕಿಲ್ಲದ ಮಗುವನ್ನು ಪಡೆಯಬಲ್ಲಳು. ಆದರೆ ಈ ಸ್ಥಿತಿಯಲ್ಲಿ ಪತ್ನಿಗೆ ಅಥವಾ ಪತಿಗೆ ತಿಳಿಸಲೇಬೇಕು. ಅವರ ಪರೀಕ್ಷೆಯೂ ಆಗಬೇಕು. ಆ ಕಠಿಣವಾದ ಮಾತನ್ನು ಹೇಗೆ ಆಡುವುದೆಂದು ಆಪ್ತಸಮಾಲೋಚಕರು ಜೊತೆಗಿದ್ದು ದಾರಿ ತೋರುತ್ತಾರೆ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಮಗನೋ ಮಗಳೋ ನಡುಗುವ ದನಿಯಲ್ಲಿ ಇಂತಹ ವಿಷಯವನ್ನು ನಿಮ್ಮ ಮುಂದೆ ತೆರೆದಿಟ್ಟರೆ, ‘ಏಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಯನ್ನು ನಾಳೆಗಿಡಿ. ‘ಎಷ್ಟು ದಿನವಾಯಿತು? ನಡೆ, ಆಸ್ಪತ್ರೆಗೆ ಹೋಗೋಣ’ ಎಂಬುದು ಇಂದಿನ ಮಾತಾಗಲಿ. ಆ 72 ಗಂಟೆಗಳಲ್ಲಿ ಬೈಗುಳಕ್ಕೆ ವ್ಯಯವಾದ ಹೊತ್ತು ಮತ್ತೆ ಸಿಗದು.