ಕಾಲೇಜು ಸೇರುವವರಿಗೆ ಪ್ರೋಗ್ರಾಮಿನ ಮೊದಲನೆಯ ಪಾಠ

ನಮ್ಮ ಶಾಲೆಯ ಪಾಠಗಳನ್ನು ಮುಗಿಸಿ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗಣಕಯಂತ್ರದ ಶಾಸ್ತ್ರವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಅವರಿಗೆ ಬೇಗನೆ ಎದುರಾಗುವ ವಿಷಯವು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬದು. ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದವರಿಗೆ ಈ ಹೆಸರೇ ಭಯವನ್ನು ಹುಟ್ಟಿಸುವದುಂಟು. ಕೆಲವರು ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವರು; ಕೆಲವರು ಇದು ತಮ್ಮಂಥವರಿಗೆ ಹೇಳಿದ್ದಲ್ಲವೆಂದು ಬಿಟ್ಟುಬಿಡುವರು. ಎರಡೂ ನಷ್ಟವೇ, ಬಾಯಿಪಾಠದವರ ನಷ್ಟವು ತಡವಾಗಿ ಕಾಣುವದು, ಅಷ್ಟೇ ಭೇದ. ಆದಕಾರಣ ಈ ಪಾಠದಲ್ಲಿ ಕಾಲೂರುವದಕ್ಕೆ ಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳಲಿಚ್ಛಿಸುತ್ತೇವೆ.

ಈ ಪದ್ಧತಿಯು ಹುಟ್ಟಿದ್ದು ನಾರ್ವೆ ದೇಶದಲ್ಲಿ. ಓಸ್ಲೋ ಪಟ್ಟಣದಲ್ಲಿದ್ದ ಓಲೆ ಯೋಹಾನ್ ದಾಲ್, ಕ್ರಿಸ್ಟೆನ್ ನ್ಯೂಗೋರ್ ಎಂಬ ಇಬ್ಬರು ವಿದ್ವಾಂಸರು ಜನರ ಸರದಿ, ಕಾರ್ಖಾನೆಯ ಕೆಲಸ ಮುಂತಾದವುಗಳ ನಡತೆಯನ್ನು ಯಂತ್ರದಲ್ಲಿ ಅನುಕರಿಸಿ ನೋಡುವದಕ್ಕಾಗಿ ಸಿಮುಲಾ ಎಂಬ ಭಾಷೆಯನ್ನು ರಚಿಸಿದರು. ಅದರ 1967ರ ರೂಪದಲ್ಲಿ ಕ್ಲಾಸ್ ಎಂಬದು ಮೊದಲಾಗಿ ಕಾಣಿಸಿತು. ಆಮೇಲೆ ಅಮೇರಿಕದ ಝೆರಾಕ್ಸ್ ಸಂಸ್ಥೆಯಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್ ಮುಂತಾದವರು 1970ರ ದಶಕದಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಬೆಳಿಸಿದರು. ಅದನ್ನು ಮಕ್ಕಳಿಗೂ ಕಲಿಸಿ ನೋಡಿದರೆಂಬದು ಗಮನಿಸತಕ್ಕದ್ದು. ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವ ಜಾವಾ ಭಾಷೆಯು 1995ರಲ್ಲಿ ಹೊರಟಿತು.

ಇನ್ನು ವಿಷಯಕ್ಕೆ ಬರೋಣ. ಕ್ಲಾಸ್ ಎಂದೊಡನೆ ನಮ್ಮ ಹುಡುಗಿಯರಿಗೆ ಬೆಂಚುಗಳೂ ಕರಿಹಲಗೆಯೂ ನೆನಪಾಗುವವು. ಆ ಅರ್ಥವನ್ನು ಇಲ್ಲಿ ಹೊರಗೆ ಬಿಟ್ಟು ಬರಬೇಕು. ಶಾಲೆಗೆ ಸೇರುವಾಗ ತುಂಬಿಸುವ ಅಚ್ಚಾದ ಅರ್ಜಿಯ ನಮೂನೆಯನ್ನು ನೆನಸಿರಿ. ಹೆಸರು, ಹುಟ್ಟಿದ ತಾರೀಖು, ತಂದೆಯ ಹೆಸರು ಎಂದು ಅದರಲ್ಲಿ ಖಾಲಿ ಸ್ಥಳಗಳಿರುವವು. ಆ ನಮೂನೆಯು ಕ್ಲಾಸ್. ಒಬ್ಬೊಬ್ಬಳ ಹೆಸರಿನಲ್ಲಿ ತುಂಬಿಸಿದ ಒಂದೊಂದು ಅರ್ಜಿಯು ಆಬ್ಜೆಕ್ಟ್. ನಮೂನೆ ಒಂದೇ, ಅರ್ಜಿಗಳು ನೂರಾರು. ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆಯುಂಟು: ಕಾಗದದ ಅರ್ಜಿಯು ಸುಮ್ಮನೆ ಬಿದ್ದಿರುವದು, ಆಬ್ಜೆಕ್ಟೋ ತನ್ನಲ್ಲಿರುವ ವಿವರಗಳ ಮೇಲೆ ಕೆಲಸವನ್ನೂ ಮಾಡಬಲ್ಲದು. ಆ ಕೆಲಸಗಳಿಗೆ ಮೆಥಡ್ ಎಂದು ಹೆಸರು.

ವಿವರವನ್ನೂ ಕೆಲಸವನ್ನೂ ಒಂದೇ ಕಡೆಯಲ್ಲಿ ಯಾಕೆ ಕಟ್ಟಿಡಬೇಕು? ಬ್ಯಾಂಕಿನ ಉಳಿತಾಯ ಖಾತೆಯನ್ನು ತೆಗೆದುಕೊಳ್ಳಿರಿ. ಖಾತೆಯಲ್ಲಿ 500 ರೂಪಾಯಿ ಇರುವಾಗ 800 ರೂಪಾಯಿ ತೆಗೆಯಲು ಯಾರಾದರೂ ಬಂದರೆ ತಡೆಯಬೇಕು. ಉಳಿಕೆಯ ಮೊತ್ತವನ್ನು ಎಲ್ಲರಿಗೂ ತೆರೆದಿಟ್ಟರೆ ಪ್ರೋಗ್ರಾಮಿನ ಐವತ್ತು ಸ್ಥಳಗಳಲ್ಲಿ ಯಾರು ಬೇಕಾದರೂ ಅದನ್ನು ತಿದ್ದಬಹುದು. ಲೆಕ್ಕ ತಪ್ಪಿದ ದಿನ ಐವತ್ತು ಸ್ಥಳಗಳನ್ನೂ ಹುಡುಕಬೇಕಾಗುವದು. ಅದನ್ನು ಪ್ರೈವೇಟ್ ಎಂದು ಒಳಗಿಟ್ಟು, ಹಣ ಕಟ್ಟುವ ಹಾಗೂ ತೆಗೆಯುವ ಎರಡು ಮೆಥಡುಗಳ ಮೂಲಕವೇ ಮುಟ್ಟಬೇಕೆಂದು ನಿಯಮಿಸಿದರೆ ಹುಡುಕತಕ್ಕ ಸ್ಥಳವು ಆ ಖಾತೆಯ ಕ್ಲಾಸ್ ಒಂದೇ. ಪ್ರೈವೇಟ್ ಎಂಬ ಮಾತು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವದರಿಂದ ಅದರ ಈ ಉಪಯೋಗವು ಮರೆತುಹೋಗುವದುಂಟು.

ಹೊಸಬರು ಎಡವುವ ಕಲ್ಲು ಇದಕ್ಕಿಂತಲೂ ಮುಂದೆ ಇದೆ. ಅದನ್ನು ಸಾವಕಾಶವಾಗಿ ಓದಿರಿ. ಜಾವಾದಲ್ಲಿ ಪೂರ್ಣಾಂಕವನ್ನು ಇಂಟ್ ಎಂಬ ಹೆಸರಿನ ಪೆಟ್ಟಿಗೆಯಲ್ಲಿಟ್ಟರೆ ಸಂಖ್ಯೆಯೇ ಪೆಟ್ಟಿಗೆಯೊಳಗಿರುವದು. ಆಬ್ಜೆಕ್ಟಿನ ವಿಷಯದಲ್ಲಾದರೋ ಪೆಟ್ಟಿಗೆಯೊಳಗೆ ಇರುವದು ಆಬ್ಜೆಕ್ಟ್ ಅಲ್ಲ, ಅದು ಇರುವ ಮನೆಯ ವಿಳಾಸವನ್ನು ಬರೆದ ಚೀಟಿ. ‘ಅ’ ಎಂಬ ಪೆಟ್ಟಿಗೆಯಲ್ಲಿದ್ದದ್ದನ್ನು ‘ಬ’ ಎಂಬದಕ್ಕೆ ಪ್ರತಿಮಾಡಿದರೆ ಇನ್ನೊಂದು ಮನೆ ಏಳುವದಿಲ್ಲ. ಅದೇ ಮನೆಗೆ ಎರಡನೆಯ ಚೀಟಿ ಆಗುವದು. ‘ಬ’ ಚೀಟಿಯನ್ನು ಹಿಡಿದು ಹೋದವಳು ಬಾಗಿಲಿಗೆ ಹಸುರು ಬಣ್ಣ ಬಳಿದರೆ ‘ಅ’ ಚೀಟಿಯವಳಿಗೂ ಹಸುರು ಬಾಗಿಲೇ ಕಾಣಿಸುವದು. ‘ನಾನು ಅ ಎಂಬದನ್ನು ಮುಟ್ಟಲೇ ಇಲ್ಲ, ಅದು ಹೇಗೆ ಬದಲಾಯಿತು?’ ಎಂದು ಪ್ರಯೋಗಶಾಲೆಯಲ್ಲಿ ಕೇಳುವವರಿಗೆ ಉತ್ತರವು ಇದೇ.

ಎರಡು ಸಮಚಿಹ್ನೆಗಳನ್ನು ಜೊತೆಯಾಗಿ ಬರೆದು ಹೋಲಿಸಿದಾಗಲೂ ಹೀಗೆಯೇ. ಆ ಚಿಹ್ನೆಯು ಚೀಟಿಗಳನ್ನು ಹೋಲಿಸುವದೇ ಹೊರತು ಮನೆಗಳನ್ನಲ್ಲ. ಒಂದೇ ಹೆಸರನ್ನು ಬರೆದ ಎರಡು ಬೇರೆ ಬೇರೆ ಸ್ಟ್ರಿಂಗುಗಳು ಸಮವಲ್ಲವೆಂದು ಯಂತ್ರವು ಹೇಳಬಹುದು. ಒಳಗಿನ ಅಕ್ಷರಗಳನ್ನು ಹೋಲಿಸುವದಕ್ಕೆ ಈಕ್ವಲ್ಸ್ ಎಂಬ ಮೆಥಡ್ ಬೇಕು. ಅಪಾಯವು ಯಾವದೆಂದರೆ, ಪ್ರೋಗ್ರಾಮಿನಲ್ಲಿಯೇ ನೇರವಾಗಿ ಬರೆದ ಒಂದೇ ತರದ ಸ್ಟ್ರಿಂಗುಗಳಿಗೆ ಜಾವಾ ಒಂದೇ ಮನೆಯನ್ನು ಕೊಡುವದರಿಂದ ತಪ್ಪು ಚಿಹ್ನೆಯೂ ಕೆಲವು ಸಲ ಸರಿಯಾದ ಉತ್ತರವನ್ನೇ ಕೊಟ್ಟುಬಿಡುವದು. ಕಲಿಯುವವಳು ಅದನ್ನು ನಂಬಿ ಹೋದರೆ ಮುಂದೆ ಕೀಲಿಮಣೆಯಿಂದ ಹೆಸರನ್ನು ಓದಿಸಿಕೊಂಡ ದಿನ ಮೋಸಹೋಗುವಳು.

ಏನೂ ಬರೆಯದ ಚೀಟಿಗೆ ನಲ್ ಎಂದು ಹೆಸರು. ಅದನ್ನು ಹಿಡಿದು ಮನೆಯನ್ನು ಹುಡುಕಿದರೆ ಪ್ರೋಗ್ರಾಮು ನಡುದಾರಿಯಲ್ಲಿ ನಿಲ್ಲುವದು. ಇದನ್ನು 1965ರಲ್ಲಿ ಒಂದು ಭಾಷೆಯೊಳಗೆ ತಂದವರು ಇಂಗ್ಲೆಂಡಿನ ಟೋನಿ ಹೋರ್. ಇದು ತಾವು ಮಾಡಿದ ನೂರು ಕೋಟಿ ಡಾಲರಿನ ತಪ್ಪೆಂದು 2009ರಲ್ಲಿ ಅವರೇ ಹೇಳಿದರು. ಇಂಥಾ ಮಹಾಪಂಡಿತರ ವಿಷಯವೇ ಹೀಗಿರುವಾಗ ಮೊದಲನೆಯ ವರುಷದ ಹುಡುಗಿಯು ನಲ್ ದೋಷವನ್ನು ಕಂಡು ಕಣ್ಣೀರಿಡಬೇಕಾದ ಕಾರಣವಿಲ್ಲ. ಕಾಗದದ ಮೇಲೆ ಪೆಟ್ಟಿಗೆಗಳನ್ನೂ ಮನೆಗಳನ್ನೂ ಬರೆದು ನಡುವೆ ಬಾಣಗಳನ್ನು ಎಳೆಯುವ ಅಭ್ಯಾಸವನ್ನು ಮಾಡಿಕೊಂಡರೆ ಇಂಥಾ ತೊಡಕುಗಳಲ್ಲಿ ಬಹಳಷ್ಟು ಬಿಡಿಸಿಕೊಳ್ಳುವವು.

ಪಾಲಿಮಾರ್ಫಿಸಮ್ ಎಂಬ ಉದ್ದವಾದ ಹೆಸರಿನ ಹಿಂದೆ ಇರುವದು ಸಣ್ಣ ಮಾತು. ಹಾಸ್ಟೆಲಿನಲ್ಲಿ ಸಂಜೆಯ ಗಂಟೆ ಒಂದೇ ಸಲ ಬಾರಿಸುವದು. ಅಡಿಗೆಯವಳು ಒಲೆಯ ಬಳಿಗೂ ಕಾವಲುಗಾರನು ಗೇಟಿನ ಬಳಿಗೂ ಹುಡುಗಿಯರು ಪುಸ್ತಕಗಳ ಬಳಿಗೂ ಹೋಗುವರು. ಗಂಟೆ ಬಾರಿಸುವವನು ಒಬ್ಬೊಬ್ಬರಿಗೆ ಬೇರೆ ಅಪ್ಪಣೆಯನ್ನು ಕೊಡಬೇಕಾಗಿಲ್ಲ.

ಇನ್‌ಹೆರಿಟೆನ್ಸ್ ಅಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದಕ್ಕೆ ಬಾಧ್ಯವಾಗಿ ಕೊಡುವದು. ಇದನ್ನು ಪಾಠಗಳಲ್ಲಿ ಅತಿಯಾಗಿ ಹೊಗಳುತ್ತಾರೆಂಬದು ನಮ್ಮ ಅಭಿಪ್ರಾಯ. ರೇಖಾಗಣಿತದಲ್ಲಿ ಚೌಕವು ಒಂದು ತರದ ಆಯತವೇ. ಹಾಗೆಂದು ಆಯತದ ಕ್ಲಾಸಿನಿಂದ ಚೌಕದ ಕ್ಲಾಸನ್ನು ಹುಟ್ಟಿಸಿದರೆ ಏನಾಗುವದು? ಆಯತವೆಂದು ನಂಬಿದವಳು ಉದ್ದವನ್ನು 5 ಎಂದೂ ಆಮೇಲೆ ಅಗಲವನ್ನು 4 ಎಂದೂ ಇಟ್ಟು 20 ಎಂಬ ವಿಸ್ತೀರ್ಣವನ್ನು ಎದುರುನೋಡುವಳು. ಚೌಕವಾದರೋ ತನ್ನ ಬದಿಗಳನ್ನು ಸಮವಾಗಿ ಇಟ್ಟುಕೊಳ್ಳುವದಕ್ಕಾಗಿ ಉದ್ದವನ್ನೂ 4 ಮಾಡಿಕೊಂಡು 16 ಎಂದು ಹೇಳುವದು. ಮೂಲ ಕ್ಲಾಸಿನ ಆಬ್ಜೆಕ್ಟ್ ಇದ್ದ ಸ್ಥಳದಲ್ಲಿ ಬಾಧ್ಯ ಕ್ಲಾಸಿನದನ್ನು ಇಟ್ಟಾಗ ಅದನ್ನು ನಂಬಿದವರ ನಿರೀಕ್ಷೆ ಕೆಡಬಾರದೆಂಬ ವಿಚಾರವನ್ನು 1987ರ ಒಂದು ಭಾಷಣದಲ್ಲಿ ಸ್ಪಷ್ಟಪಡಿಸಿದವರು ಬಾರ್ಬರಾ ಲಿಸ್ಕೋವ್ ಎಂಬ ಅಮೇರಿಕದ ಮಹಿಳೆ. 1968ರಲ್ಲಿ ಸ್ಟಾನ್‌ಫರ್ಡಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಇವರಿಗೆ ಈ ಶಾಸ್ತ್ರದ ಅತ್ಯುನ್ನತ ಗೌರವವಾದ 2008ನೆಯ ವರುಷದ ಟ್ಯೂರಿಂಗ್ ಪ್ರಶಸ್ತಿಯು ದೊರೆಯಿತು. ಗಣಕಶಾಸ್ತ್ರವು ಗಂಡುಮಕ್ಕಳಿಗೆ ತಕ್ಕದ್ದೆಂದು ಮನೆಯಲ್ಲಿ ಹೇಳುವವರಿದ್ದರೆ ಅವರಿಗೆ ಈ ಹೆಸರನ್ನು ತಿಳಿಸಬಹುದು.

ಇಂಗ್ಲಿಷಿನ ಭಯದ ಕುರಿತು ಒಂದು ಮಾತು. ಜಾವಾದ ಆರಂಭದಲ್ಲಿ ಪಬ್ಲಿಕ್ ಸ್ಟಾಟಿಕ್ ವಾಯ್ಡ್ ಮೇನ್ ಎಂಬ ಸಾಲನ್ನು ಅರ್ಥವಾಗದೆಯೇ ಬರೆಯಬೇಕಾಗಿತ್ತು. 2025ರಲ್ಲಿ ಹೊರಟ ಜಾವಾ 25ರಲ್ಲಿ ಚಿಕ್ಕ ಪ್ರೋಗ್ರಾಮುಗಳಿಗೆ ಆ ಹೊರೆಯನ್ನು ಇಳಿಸಿದ್ದಾರೆ. ಮೇಲಾಗಿ, ಜಾವಾದ ಸ್ವಂತ ಶಬ್ದಗಳು ಇಂಗ್ಲಿಷಿನವಾದರೂ ನಾವು ಇಡುವ ಹೆಸರುಗಳು ಕನ್ನಡದ ಅಕ್ಷರಗಳಲ್ಲಿ ಇರಬಹುದು. ಪುಸ್ತಕ ಎಂದು ಕನ್ನಡದಲ್ಲಿಯೇ ಬರೆದ ಕ್ಲಾಸನ್ನು ಯಂತ್ರವು ತಕರಾರಿಲ್ಲದೆ ಒಪ್ಪುವದು. ಉದ್ಯೋಗದಲ್ಲಿ ಇದು ನಡೆಯಲಿಕ್ಕಿಲ್ಲ. ಕಲಿಯುವ ದಿನಗಳಲ್ಲಿ ನಡೆಯಬಹುದು.

ಈಗ ಒಂದು ಅಭ್ಯಾಸ. ಶಾಲೆಯ ಪುಸ್ತಕಾಲಯಕ್ಕೆ ಪ್ರೋಗ್ರಾಮು ಬರೆಯಬೇಕೆಂದಿರಲಿ. ಯಂತ್ರದ ಬಳಿಗೆ ಹೋಗುವ ಮೊದಲು ಕಾಗದವನ್ನು ತೆಗೆದುಕೊಳ್ಳಿರಿ. ಪುಸ್ತಕ ಒಂದು ಕ್ಲಾಸ್, ಸದಸ್ಯೆ ಇನ್ನೊಂದು. ಇಷ್ಟು ಎಲ್ಲರಿಗೂ ಹೊಳೆಯುವದು. ಹಿಂದಿರುಗಿಸತಕ್ಕ ತಾರೀಖು ಎಲ್ಲಿರಬೇಕು? ಪುಸ್ತಕದಲ್ಲಿಟ್ಟರೆ ಮುಂದಿನವಳು ಒಯ್ದಾಗ ಹಿಂದಿನವಳ ತಾರೀಖು ಅಳಿದುಹೋಗುವದು. ಸದಸ್ಯೆಯಲ್ಲಿಟ್ಟರೆ ಅವಳು ಎರಡು ಪುಸ್ತಕಗಳನ್ನು ಬೇರೆ ಬೇರೆ ದಿನ ಒಯ್ದಾಗ ಸ್ಥಳ ಸಾಲದು. ಆದದರಿಂದ ಎರವಲು ಎಂಬ ಮೂರನೆಯ ಕ್ಲಾಸ್ ಬೇಕಾಗುವದು. ಅದರಲ್ಲಿ ಪುಸ್ತಕದ ಚೀಟಿ, ಸದಸ್ಯೆಯ ಚೀಟಿ, ತಾರೀಖು ಈ ಮೂರು ಇರುವವು. ತಡವಾಗಿ ತಂದವಳ ದಂಡವನ್ನು ಲೆಕ್ಕಮಾಡುವ ಕೆಲಸವನ್ನು ಈ ಮೂರರಲ್ಲಿ ಯಾವದಕ್ಕೆ ಒಪ್ಪಿಸಬೇಕೆಂಬದನ್ನು ಓದುವವರು ತಾವೇ ಆಲೋಚಿಸಿ ಬರೆಯಲಿ.